ಅಟ್ಟದ ಮೇಲಿನ ಕೊಳಗ

ಹಬ್ಬ ಹತ್ತಿರ ಬಂದರೆ ಅಟ್ಟ ಹತ್ತಿ ದೊಡ್ಡ ಪಾತ್ರೆ ಇಳಿಸುವುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ಈ ಸಲ ಮೂಲೆಯಲ್ಲಿ ಒಂದು ಹಿತ್ತಾಳೆ ಕೊಳಗ ಸಿಕ್ಕಿತು. ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕಿಸಿದ್ದಾರೆ: ಕೆ.ಎಲ್., 1958.

"ಇದು ಯಾರದಮ್ಮ?"

"ನಿಮ್ಮಜ್ಜಿಯ ತವರಿನದು. ಆ ಮನೆ ಈಗೆಲ್ಲಿದೆ, ಬಿಡು" ಎಂದಳು ಅಮ್ಮ ಕೆಳಗಿನಿಂದ.

ಮನೆ ಹೋಗಿದೆ, ಕೊಳಗ ಉಳಿದಿದೆ. ನಾನು ಅಲ್ಲೇ ಕೂತುಬಿಟ್ಟೆ. ನಮ್ಮ ಆಕಾಶಗಂಗೆಗೂ ಇಂಥದೇ ಒಂದು ಅಟ್ಟ ಇದೆಯಲ್ಲ ಅನ್ನಿಸಿತು.

ಸೂರ್ಯ, ನಾವು, ನಮಗೆ ಕಾಣುವ ಹೆಚ್ಚಿನ ನಕ್ಷತ್ರಗಳೆಲ್ಲ ಈ ಗ್ಯಾಲಕ್ಸಿಯ ತಟ್ಟೆಯಲ್ಲಿದ್ದೇವೆ. ಆ ತಟ್ಟೆಯ ಮೇಲೆ, ಕೆಳಗೆ, ಸುತ್ತಲೂ ದೊಡ್ಡ ಚೆಂಡಿನ ಹಾಗೆ ಹರಡಿರುವುದು ಹಾಲೋ. ಗ್ಯಾಲಕ್ಸಿಯ ನಕ್ಷತ್ರಗಳಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ಅಲ್ಲಿವೆ. ಬಹುಪಾಲು ಹಳೇ ತಲೆಗಳು.

ಅವುಗಳ ಮೇಲಿನ ಹೆಸರು ಓದಲು ನೆರವಾದದ್ದು ಗಾಯಾ ಎಂಬ ಯುರೋಪಿನ ಉಪಗ್ರಹ. 2013ರಲ್ಲಿ ಹಾರಿದ್ದು, 2018ರ ಏಪ್ರಿಲ್‌ನಲ್ಲಿ ಸುಮಾರು 130 ಕೋಟಿ ನಕ್ಷತ್ರಗಳ ದೂರ ಮತ್ತು ಚಲನೆಯ ಲೆಕ್ಕ ಒಪ್ಪಿಸಿತು. ನೋಡಿದರೆ, ಹಾಲೋದ ಎಷ್ಟೋ ನಕ್ಷತ್ರಗಳು ನಮ್ಮ ಸೂರ್ಯನಂತೆ ಸಭ್ಯವಾಗಿ ಪ್ರದಕ್ಷಿಣೆ ಹಾಕುವುದೇ ಇಲ್ಲ. ನೇರ ನಡುಮನೆಗೆ ನುಗ್ಗುತ್ತವೆ, ಹಾಗೇ ಆಚೆ ಹೋಗಿ ಮತ್ತೆ ನುಗ್ಗುತ್ತವೆ. ಸುಮಾರು 1,000 ಕೋಟಿ ವರ್ಷದ ಹಿಂದೆ ಸಣ್ಣದೊಂದು ಗ್ಯಾಲಕ್ಸಿ ನಮ್ಮದರೊಳಗೆ ಬಿದ್ದು ಕರಗಿತ್ತು. ಇವು ಅದರ ಮಕ್ಕಳು.

ಹೆಸರಿಡುವ ಪ್ರಸಂಗ ಇನ್ನೂ ಚೆನ್ನಾಗಿದೆ. ಖಗೋಳವಿಜ್ಞಾನಿ ವಾಸಿಲಿ ಬೆಲೊಕುರೊವ್ ಮತ್ತು ಸಂಗಡಿಗರು ಈ ನಕ್ಷತ್ರಗಳ ವೇಗದ ನಕ್ಷೆ ಬರೆದಾಗ ಅದು ಸಾಸೇಜಿನ ಹಾಗೆ ಉದ್ದುದ್ದ ಕಂಡಿತು. ಅವರು ಸಾಸೇಜ್ ಅಂದರು. ನೆದರ್‌ಲ್ಯಾಂಡ್ಸ್‌ನ ಅಮೀನಾ ಹೆಲ್ಮಿ ತಂಡದವರು ಗ್ರೀಕ್ ಪುರಾಣ ತೆಗೆದು ಎನ್ಸೆಲಡಸ್ ಅಂದರು. ಎಟ್ನಾ ಬೆಟ್ಟದ ಕೆಳಗೆ ಹೂತುಹೋಗಿ, ಅಲ್ಲಿಂದಲೇ ಭೂಮಿ ನಡುಗಿಸುವ ದೈತ್ಯ ಅವನು. ಈಗ ಗಾಯಾ-ಸಾಸೇಜ್-ಎನ್ಸೆಲಡಸ್ ಅಂತ ಎಲ್ಲ ಸೇರಿಸಿಯೇ ಬರೆಯುತ್ತಾರೆ. ಅಪ್ಪನ ಕಡೆಯವರೊಂದು, ಅಮ್ಮನ ಕಡೆಯವರೊಂದು ಹೆಸರು ಕರೆದು, ಶಾಲೆಗೆ ಸೇರಿಸುವಾಗ ಎರಡನ್ನೂ ಬರೆಸಿದ ಹಾಗೆ.

ಬರೀ ಓಡಾಟ ನೋಡಿ ತವರು ಹೇಳುವುದು ಸ್ವಲ್ಪ ಅಪಾಯವೇ. ಅದಕ್ಕೆ ಲೋಹ ನೋಡಬೇಕು. ಮೆಗ್ನೀಸಿಯಂ ಬರುವುದು ಬೇಗ ಸಾಯುವ ದೊಡ್ಡ ನಕ್ಷತ್ರಗಳಿಂದ. ಕಬ್ಬಿಣದ ಹೆಚ್ಚಿನ ಪಾಲು ತಡವಾಗಿ ಸಿಡಿಯುವ ಶ್ವೇತಕುಬ್ಜಗಳಿಂದ, ಅಂದರೆ ಸೂರ್ಯನಂಥ ನಕ್ಷತ್ರಗಳು ಸತ್ತ ಮೇಲೆ ಉಳಿಯುವ ತಿರುಳುಗಳಿಂದ. ಸಣ್ಣ ಗ್ಯಾಲಕ್ಸಿಯಲ್ಲಿ ಅಡುಗೆ ನಿಧಾನ, ನಕ್ಷತ್ರಗಳು ಮೆಲ್ಲಗೆ ಹುಟ್ಟುತ್ತವೆ, ಅಷ್ಟರಲ್ಲಿ ತಡವಾದ ಕಬ್ಬಿಣವೂ ಬಂದು ಸೇರುತ್ತದೆ. ಹಾಗಾಗಿ ಅಲ್ಲಿ ಹುಟ್ಟಿದವುಗಳಲ್ಲಿ ಕಬ್ಬಿಣಕ್ಕೆ ಹೋಲಿಸಿದರೆ ಮೆಗ್ನೀಸಿಯಂ ಕಡಿಮೆ. ಎಷ್ಟು ಕಾಲ ಯಾರ ಮನೆಯಲ್ಲಿದ್ದರೂ ಈ ಬರಹ ಅಳಿಯುವುದಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿದರೂ ನಮ್ಮ ಕೊಳಗದ ಕೆ.ಎಲ್. ಹೋಗಿಲ್ಲ, ಅಲ್ವಾ?

ಬಂದ ನೆಂಟರು ಇವರೊಬ್ಬರೇ ಅಲ್ಲ. 1994ರಲ್ಲಿ ಪತ್ತೆಯಾದ ಧನು ರಾಶಿಯ ಕುಬ್ಜ ಗ್ಯಾಲಕ್ಸಿಯನ್ನು ಆಕಾಶಗಂಗೆ ಈಗಲೂ ಎಳೆಎಳೆಯಾಗಿ ನುಂಗುತ್ತಿದೆ. ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛವೂ ಹೀಗೆ ನುಂಗಿಸಿಕೊಂಡ ಯಾವುದೋ ಗ್ಯಾಲಕ್ಸಿಯ ತಿರುಳು ಎಂದು ಬಹಳ ಮಂದಿ ನಂಬುತ್ತಾರೆ. ಅದನ್ನು ನೋಡಲು ಉಪಗ್ರಹ ಬೇಡ. ಮೇ ತಿಂಗಳ ರಾತ್ರಿ ಹತ್ತರ ಹೊತ್ತಿಗೆ, ಬೀದಿದೀಪ ಇಲ್ಲದ ಊರಿನಲ್ಲಿ, ದಕ್ಷಿಣಕ್ಕೆ ತಿರುಗಿ ನಿಂತರೆ ನಮ್ಮಲ್ಲೂ ಮಸುಕು ಚುಕ್ಕೆಯಾಗಿ ಕಾಣುತ್ತದೆ. ಒಂದು ಕೋಟಿಯಷ್ಟು ನಕ್ಷತ್ರ, ನೋಡಲು ಒಂದು ಚಿಟಿಕೆ ವಿಭೂತಿ.

ಆದರೆ ಅಟ್ಟದಲ್ಲಿರುವುದೆಲ್ಲ ತವರಿನದೇ ಅಂದುಕೊಂಡರೆ ತಪ್ಪು. ಆ ದೈತ್ಯ ಬಂದು ಬಿದ್ದ ರಭಸಕ್ಕೆ ನಮ್ಮ ತಟ್ಟೆಯಲ್ಲಿ ತಣ್ಣಗೆ ಸುತ್ತುತ್ತಿದ್ದ ಹಳೆಯ ನಕ್ಷತ್ರಗಳೂ ಚಿಮ್ಮಿ ಹಾಲೋ ಸೇರಿದವು. ಖಗೋಳದವರು ಅವನ್ನು ಸ್ಪ್ಲಾಷ್ ಅನ್ನುತ್ತಾರೆ. ಬಾನಿಯಲ್ಲಿ ಧೊಪ್ಪೆಂದು ಚೊಂಬು ಬಿದ್ದರೆ ನೀರು ಎಗರುತ್ತದಲ್ಲ, ಹಾಗೆ.

"ಅಲ್ಲೇ ನಿದ್ದೆ ಮಾಡಿದೆಯೇನೋ?" ಎಂದಳು ಅಮ್ಮ.

ಕೊಳಗ ಎಳೆದೆ. ಅದರ ಹಿಂದೆ ಸಿಕ್ಕಿಕೊಂಡಿದ್ದ ಸ್ಟೀಲ್ ಮುಚ್ಚಳವೊಂದು ಜೊತೆಗೇ ಜಾರಿ ಬಂತು. ಧೂಳು ಒರೆಸಿದೆ. ಅಪ್ಪನ ಹೆಸರು.

"ಅಯ್ಯೋ, ಇದು ನಮ್ಮದೇ ಕಣೋ! ನಿನ್ನಕ್ಕನ ಮದುವೆ ಗಲಾಟೆಯಲ್ಲಿ ಯಾರೋ ಎತ್ತಿಕೊಂಡು ಹೋದರು ಅಂತ ಇಷ್ಟು ದಿನ ಬೈಕೊಂಡಿದ್ದೆ."