ಅಂಗೈ ಹುಣ್ಣಿಗೆ ರಿಗ್ರೆಶನ್ ಕನ್ನಡಿ

ಬೈದರೆ ಕೆಲಸದವನು ಬಿಟ್ಟು ಹೋಗುತ್ತಾನೆ. ನಾಲ್ಕು ಜನರಿಗೆ ಸಂಬಳ ಕೊಟ್ಟವರೆಲ್ಲ ಇದನ್ನು ಬಲ್ಲರು. ಬಿಸಿನೆಸ್ ಸ್ಕೂಲಿಗೆ ಇದೇ ಮಾತು ತಿಳಿಯಬೇಕಾದರೆ ಮೂವರು ಲೇಖಕರು, 62 ಸ್ಲೈಡು ಮತ್ತು 90 ನಿಮಿಷದ ಸಂಶೋಧನಾ ಸೆಮಿನಾರು ಬೇಕು.

ಮೊದಲ ಕೆಲಸ ನಾಮಕರಣ. ಬೈಗುಳ ಅಂದರೆ ಯಾವ ಜರ್ನಲ್ಲೂ ಮೂಸುವುದಿಲ್ಲ, 'ನಿಂದನಾತ್ಮಕ ಮೇಲ್ವಿಚಾರಣೆ' ಅನ್ನಬೇಕು. ಕೆಲಸ ಬಿಡುವುದು 'ನಿರ್ಗಮನ ಉದ್ದೇಶ' ಆಗುತ್ತದೆ. ಎರಡಕ್ಕೂ ಒಂದೊಂದು ಡಬ್ಬಿ, ನಡುವೆ 'ಭಾವನಾತ್ಮಕ ಬಳಲಿಕೆ' ಎಂಬ ಮೂರನೆಯ ಡಬ್ಬಿ, ಬಾಣದ ಮೇಲೆ ಇನ್ನೊಂದು ಬಾಣ. ಇಷ್ಟಾದರೆ ಅದು ಸಿದ್ಧಾಂತ. ಉದ್ದೇಶವನ್ನೇ ಅಳೆಯುವುದೇಕೆ ಅಂದಿರಾ? ನಿಜವಾಗಿ ಬಿಟ್ಟವರನ್ನು ಕೇಳೋಣವೆಂದರೆ ಅವರು ಬಿಟ್ಟು ಹೋಗಿದ್ದಾರಲ್ಲ!

ಆಮೇಲೆ ಪ್ರಶ್ನಾವಳಿ. 1ರಿಂದ 7ರವರೆಗೆ ಅಂಕ. ಒಂದೇ ಪ್ರಶ್ನೆಯನ್ನು ನಾಲ್ಕು ಬಗೆಯಲ್ಲಿ ತಿರುಗಿಸಿ ಕೇಳುತ್ತಾರೆ. ಬೇಸತ್ತವನು ನಾಲ್ಕಕ್ಕೂ 5 ಎಂದು ಗುರುತು ಹಾಕಿದರೆ, ಉತ್ತರಗಳು ಪರಸ್ಪರ ಎಷ್ಟು ಹೊಂದುತ್ತವೆಂದು ಅಳೆಯುವ ಕ್ರಾನ್‌ಬಾಕ್ ಆಲ್ಫಾ 0.70 ದಾಟುತ್ತದೆ, ಅಳತೆಗೋಲು ನಂಬಲರ್ಹವೆಂದು ಸಾಬೀತಾಗುತ್ತದೆ. ಬಾಸ್ ಬೈಯುತ್ತಾನೆ ಎಂದವನೂ ಅವನೇ, ಬಿಡಬೇಕು ಎಂದವನೂ ಅವನೇ, ಅದೂ ಒಂದೇ ಸಿಟ್ಟಿನಲ್ಲಿ. ಎರಡೂ ಉತ್ತರ ಒಂದಕ್ಕೊಂದು ಹೊಂದದೆ ಇನ್ನೇನಾಗಬೇಕು?

ಇನ್ನು ನಕ್ಷತ್ರಗಳ ಗಣಿತ. ಒಂದು ಸಂಗತಿಗೂ ಇನ್ನೊಂದಕ್ಕೂ ಎಷ್ಟು ನಂಟು ಎಂದು ಲೆಕ್ಕ ಹಾಕುವುದು ರಿಗ್ರೆಶನ್. ನಂಟೇ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆ ಪಿ ಮೌಲ್ಯ. ಅದು ಗಡಿಗಿಂತ ಕಡಿಮೆಯಿದ್ದರೆ ಕೋಷ್ಟಕದಲ್ಲಿ ಅಂಕಿಯ ಪಕ್ಕ ಒಂದು ನಕ್ಷತ್ರ. ಇಪ್ಪತ್ತಕ್ಕೆ ಒಂದು, ಅಂದರೆ 0.05, ಅನುಕೂಲಕರ ಗಡಿ ಎಂದು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1925ರಲ್ಲಿ ಬರೆದರು. ಅವರ ಅನುಕೂಲ ಇವರ ಲಕ್ಷ್ಮಣರೇಖೆಯಾಗಿದೆ. ಪಿ ಮೌಲ್ಯ 0.049 ಬಂದರೆ ಆವಿಷ್ಕಾರ, 0.051 ಬಂದರೆ ಮೇಜಿನ ಖಾನೆ. ಗಡಿಯ ಹತ್ತಿರ ಎಡವಿದ್ದಕ್ಕೆ ಔಷಧವಿದೆ: ವಯಸ್ಸನ್ನು ಮಾದರಿಗೆ ಸೇರಿಸಿ, ಲಿಂಗವನ್ನು ತೆಗೆಯಿರಿ, ತಂಟೆ ಮಾಡುವ ಹನ್ನೊಂದು ಜನರನ್ನು 'ಔಟ್‌ಲೈಯರ್', ಅಂದರೆ ಗುಂಪಿಗೆ ಸೇರದವರು, ಎಂದು ಹೊರಗೆ ಹಾಕಿ, ಮತ್ತೆ ಓಡಿಸಿ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದೆಂಬ ಗಾದೆಯನ್ನು ಅಕ್ಷರಶಃ ಪಾಲಿಸುವವರು ಇವರೇ. ಫಲಿತಾಂಶ ಹುಟ್ಟಿ, ಅದರ ತಲೆಯ ಅಳತೆ ತೆಗೆದ ಮೇಲೆಯೇ ಹೈಪಾಥಿಸಿಸ್, ಅಂದರೆ ಮೊದಲೇ ಮಾಡಬೇಕಿದ್ದ ಊಹೆ, ಹೊಲಿಯುತ್ತಾರೆ. ಈ ದರ್ಜಿ ಕೆಲಸಕ್ಕೆ 1998ರಲ್ಲೇ 'ಹಾರ್ಕಿಂಗ್' ಎಂಬ ಹೆಸರೂ ಬಿದ್ದಿದೆ. ಹೆಸರು ಬಿದ್ದದ್ದರಿಂದ ಕಸುಬೇನೂ ನಿಂತಿಲ್ಲ.

ಸೆಮಿನಾರಿನ ದಿನ ಮೊದಲ ಕೈ ಏಳುವುದು ಎರಡನೇ ಸ್ಲೈಡಿಗೆ. 'ಸ್ಪಷ್ಟನೆಗಾಗಿ ಒಂದೇ ಪ್ರಶ್ನೆ' ಎಂದು ಶುರುವಾದದ್ದು ಏಳು ನಿಮಿಷ ನಡೆಯುತ್ತದೆ, ಅದರಲ್ಲಿ ಪ್ರಶ್ನೆಯೊಂದನ್ನು ಬಿಟ್ಟು ಎಲ್ಲವೂ ಇರುತ್ತದೆ. ಪ್ರಬಂಧ ಓದದೆ ಬಂದವರಿಗೆ ಒಂದು ಪದ ಸಾಕು: ಎಂಡೋಜೆನಿಟಿ. ಅಂದರೆ, ಬೈದದ್ದಕ್ಕೆ ಬಿಡುತ್ತಿದ್ದಾನೋ, ಬಿಡುವ ಮನಸ್ಸಿನಿಂದ ಕೆಲಸಗಳ್ಳನಾಗಿ ಬೈಸಿಕೊಳ್ಳುತ್ತಿದ್ದಾನೋ? ಪ್ರಾಮಾಣಿಕವಾಗಿ ಹೇಳಬೇಕೆಂದರೆ ಇಡೀ ದಿನದಲ್ಲಿ ಕೇಳಬೇಕಾದ ಪ್ರಶ್ನೆ ಇದೇ. ಉತ್ತರಕ್ಕೆ 'ಇನ್‌ಸ್ಟ್ರುಮೆಂಟ್' ಬೇಕು: ಬೈಗುಳವನ್ನು ಹೆಚ್ಚಿಸುವ, ಆದರೆ ಬೇರಾವ ದಾರಿಯಿಂದಲೂ ನೌಕರನನ್ನು ಮುಟ್ಟದ ಒಂದು ಸಂಗತಿ. ಭಾಷಣಕಾರರು ಮಳೆಯನ್ನು ಹಿಡಿದು ತರುತ್ತಾರೆ. ಮಳೆ ಬಂದ ದಿನ ಬಾಸಿಗೆ ಸಿಟ್ಟು. ಹಿಂದಿನ ಸಾಲಿನಿಂದ ಆಕ್ಷೇಪ: ನೆನೆದು ಬಂದ ನೌಕರನಿಗೂ ಕೆಲಸ ಸಾಕೆನಿಸುವುದಿಲ್ಲವೇ? ಮುಂದಿನ ಇಪ್ಪತ್ತು ನಿಮಿಷ ಸಭೆಯಲ್ಲಿ ಹವಾಮಾನ ಇಲಾಖೆ ನಡೆಯುತ್ತದೆ. ಉಳಿದದ್ದಕ್ಕೆಲ್ಲ 'ಅಪೆಂಡಿಕ್ಸಿನಲ್ಲಿದೆ' ಎಂಬ ಉತ್ತರ.

ಇಷ್ಟು ಜಗಳದ ನಡುವೆ ದತ್ತಾಂಶದ ಹಾಳೆ ತೆರೆದು ತೋರಿಸಿ ಎನ್ನುವವರು ಅಪರೂಪ. ಫಾರ್ಮಿನ ಕೆಳಗಲ್ಲ, ಮೇಲೆ ಸಹಿ ಹಾಕಿಸಿದರೆ ಜನ ಹೆಚ್ಚು ನಿಜ ಹೇಳುತ್ತಾರೆಂಬ ಪ್ರಬಂಧವೊಂದು 2012ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂತು. ಅದರಲ್ಲಿ ವಿಮೆ ಮಾಡಿಸಿದ ಕಾರುಗಳು ಓಡಿದ ಮೈಲಿಗಳು ಸೊನ್ನೆಯಿಂದ 50,000ದವರೆಗೆ ಸಮನಾಗಿ ಹರಡಿಕೊಂಡಿದ್ದವು, ಒಂದೇ ಒಂದು ಕಾರೂ ಅದನ್ನು ದಾಟಿರಲಿಲ್ಲ. ಒಂದು ಸಾದಾ ಬಾರ್ ಚಾರ್ಟಿಗೆ ಸಿಕ್ಕಿಬೀಳುವ ಕಟ್ಟುಕತೆ. ಪ್ರಾಮಾಣಿಕತೆಯ ಮೇಲಿನ ಆ ಪ್ರಬಂಧವನ್ನು ಹಿಂಪಡೆದದ್ದು 2021ರಲ್ಲಿ.

89ನೇ ನಿಮಿಷಕ್ಕೆ 'ವ್ಯವಸ್ಥಾಪಕರಿಗೆ ಸಲಹೆಗಳು' ಎಂಬ ಸ್ಲೈಡು ಮಿಂಚಿ ಮಾಯವಾಗುತ್ತದೆ. ಸಲಹೆ: ಬೈಯದಿರುವುದು ಒಳಿತು. ಕೇಳಿಸಿಕೊಳ್ಳಲು ಸಭೆಯಲ್ಲಿ ವ್ಯವಸ್ಥಾಪಕರು ಯಾರೂ ಇರುವುದಿಲ್ಲ. ಅಷ್ಟು ಹೊತ್ತೂ ಲ್ಯಾಪ್‌ಟಾಪಿನಲ್ಲಿ ಮುಳುಗಿದ್ದವರು ತಲೆ ಎತ್ತುವುದು ಕೊನೆಯ ಪ್ರಶ್ನೆಗೆ: ಯಾವ ಜರ್ನಲ್ಲಿಗೆ ಕಳಿಸುತ್ತೀರಿ, ಎಫ್‌ಟಿ 50ರ (ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ಆಯ್ದ 50 ಜರ್ನಲ್ಲುಗಳ) ಪಟ್ಟಿಯಲ್ಲಿದೆಯೇ?

ಚಪ್ಪಾಳೆಯಾದ ಮೇಲೆ, ನಾಲ್ಕನೇ ಕೋಷ್ಟಕದಲ್ಲಿ ನಕ್ಷತ್ರವೊಂದು ಪಕ್ಕದ ಸಾಲಿಗೆ ಜರುಗಿದ್ದಕ್ಕೆ ಸಂಶೋಧನಾ ಸಹಾಯಕನಿಗೆ ಮೊಗಸಾಲೆಯಲ್ಲಿ ಮಂಗಳಾರತಿ. ಅವನು ಅಂದು ರಾತ್ರಿಯೇ ಬೇರೆ ಕಡೆ ಅರ್ಜಿ ಹಾಕುತ್ತಾನೆ. ಸ್ಯಾಂಪಲ್ಲಿನಲ್ಲಿ ಅವನಿಲ್ಲ.