ಅಪ್ಪ ಇದ್ದಾರೆ, ಸರ್ವರ್ ಇಲ್ಲ

ನಮ್ಮಪ್ಪ ಬದುಕಿದ್ದಾರೆ. ಬೆಳಿಗ್ಗೆ ಎರಡು ಬೆಣ್ಣೆ ದೋಸೆ ತಿಂದು ಮೂರನೆಯದಕ್ಕೆ ಕೈ ಎತ್ತಿದ್ದನ್ನು, ಡಾಕ್ಟರ್ ಮಾತು ನೆನಪಿಸಿ ನಾನು ಆ ಕೈ ಇಳಿಸಿದ್ದನ್ನು ಹೋಟೆಲಿನವರೆಲ್ಲ ನೋಡಿದ್ದಾರೆ. ಆದರೆ ಹೋಟೆಲಿನವರ ಸಾಕ್ಷಿ ನಡೆಯುವುದಿಲ್ಲ. ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ಕಂಪ್ಯೂಟರಿಗೆ ಹೆಬ್ಬೆಟ್ಟು ಒತ್ತಿ ತೋರಿಸಬೇಕು, ಆಮೇಲೆ ಪಿಂಚಣಿ.

ಕಂಟಕ ಇರುವುದು ಆ ಹೆಬ್ಬೆಟ್ಟಿನಲ್ಲೇ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದಲ್ಲಿ ಅಪ್ಪ ಹತ್ತಿ ಮಿಲ್ಲಿನಲ್ಲಿ ಕಡಿದ ನೂಲು ಕೂಡಿಸುತ್ತಿದ್ದವರು. ಮೂವತ್ತು ವರ್ಷದಲ್ಲಿ ಬೆರಳಿನ ಗೆರೆಯೆಲ್ಲ ನೂಲಿಗೇ ಹೋಯಿತು. ಈಗ ಮಷಿನ್ ಕೇಳುವುದು ಆ ಗೆರೆಗಳನ್ನೇ! ದುಡಿದಿದ್ದಕ್ಕೆ ಪಿಂಚಣಿ ಬಂತು, ದುಡಿದಿದ್ದಕ್ಕೇ ನಿಂತಿತು. ಬರುವುದಾದರೂ ಎಷ್ಟು? 2014ರಲ್ಲಿ ಕನಿಷ್ಠ 1000 ರೂಪಾಯಿ ಎಂದು ಗೊತ್ತುಮಾಡಿದರಲ್ಲ, ಅದಕ್ಕಿಂತ ಚೂರು ಮೇಲೆ.

“ಅಜ್ಜಾರೆ, ಒರೆಸಿ ಒತ್ರಿ,” ಎಂದ ಸೆಂಟರಿನ ಹುಡುಗ. ಒರೆಸಿದರು. ತೊಳೆದರು. ಹತ್ತೂ ಬೆರಳಿನ ಸರದಿ ಮುಗಿಯಿತು. ಕಾಲಿನ ಬೆರಳಾದರೂ ಆದೀತೇನೋ ಎಂದು ಅಪ್ಪ ಚಪ್ಪಲಿ ಬಿಡತೊಡಗಿದಾಗ ಹುಡುಗ ಗಾಬರಿಯಾಗಿ, “ಬ್ಯಾಡ್ರಿ, ಮುಖ ತೋರಿಸ್ರಿ ಸಾಕು,” ಎಂದು ಮೊಬೈಲ್ ಹಿಡಿದ.

ಇಲ್ಲಿ ಇನ್ನೊಂದು ಫಜೀತಿ. ಕಣ್ಣು ಮಿಟುಕಿಸಿದರೆ ಮಾತ್ರ ಆಸಾಮಿ ಜೀವಂತ. ಇಲ್ಲದಿದ್ದರೆ ಅದು ಫೋಟೊ. ಅಪ್ಪನೋ, ಕಣ್ಣು ಮಿಟುಕಿಸಿದರೆ ಫೋಟೊ ಕೆಡುತ್ತದೆ ಎಂದು ಸ್ಟುಡಿಯೋದವರಿಂದ ಬೈಸಿಕೊಂಡ ಕಾಲದವರು. ಕ್ಯಾಮೆರಾ ಎದುರು ಗೋಡೆಗೆ ಮೊಳೆ ಹೊಡೆದ ಹಾಗೆ ಕೂತರು. “ಮಿಟುಕಿಸ್ರಿ ಅಜ್ಜಾರೆ!” “ಕೆಟ್ಟೋಕ್ಕತಿ ತಮ್ಮಾ.” ಕೊನೆಗೆ ಒಂದು ನೊಣ ಬಂದು ಉಪಕಾರ ಮಾಡಿತು. ಮುಖ ಹೊಂದಿತು. ಆಗ ಸರ್ವರ್ ಹೋಯಿತು.

2016ರಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿ ಬಂದಾಗ ಆ 20 ಊರುಗಳಲ್ಲಿ ನಮ್ಮೂರೂ ಇತ್ತು. ಪೇಡೆ ಹಂಚಿದವರಲ್ಲಿ ನಾನೂ ಒಬ್ಬ. ಸರ್ವರಿಗೆ ಆ ಪೇಡೆ ತಲುಪಿರಲಿಕ್ಕಿಲ್ಲ.

ದೂರು ಕೊಡೋಣವೆಂದು ರಾತ್ರಿ ವೆಬ್‌ಸೈಟ್ ತೆರೆದೆ. ಈಗ ನನ್ನ ಸರದಿ: ನೀವು ರೋಬೋ ಅಲ್ಲವೆಂದು ತೋರಿಸಿ, ಚಿಮಣಿ ಇರುವ ಚೌಕಗಳನ್ನು ಆರಿಸಿ. ಯಾವುದೋ ದೇಶದ ಮನೆಯ ಹೆಂಚಿನ ಮೇಲೆ ಇಟ್ಟಿಗೆಯ ಡಬ್ಬಿಯಂಥದ್ದೊಂದು ಕೂತಿತ್ತು. ಅಪ್ಪ ಕನ್ನಡಕ ಏರಿಸಿ ನೋಡಿ, “ಇದು ಚಿಮಣಿ ಏನಲೇ? ಚಿಮಣಿ ಅಂದ್ರ ಮಿಲ್ಲಿಂದು. ತೆಲಿ ಎತ್ತಿದ್ರ ರುಮಾಲು ಬೀಳಬೇಕು. ಒತ್ತಬ್ಯಾಡ,” ಎಂದರು. ಹಿರಿಯರ ಮಾತು, ಒತ್ತಲಿಲ್ಲ. ನಾನು ರೋಬೋ ಎಂದು ತೀರ್ಮಾನವಾಯಿತು.

ಮರುದಿನ ಸರ್ವರ್ ಇತ್ತು, ಓಟಿಪಿ ಮಾತ್ರ ಬೆಂಗಳೂರಿನ ತಮ್ಮನ ಫೋನಿಗೆ ಹೋಯಿತು. ಅವನು ಮೀಟಿಂಗಿನಲ್ಲಿದ್ದ. ಹೊರಗೆ ಬರುವಷ್ಟರಲ್ಲಿ ಓಟಿಪಿಯ ಆಯಸ್ಸು ತೀರಿತ್ತು.

ಮೂರನೆಯ ದಿನ ಪ್ರಮಾಣಪತ್ರ ಕೈಗೆ ಬಂತು. ಒಂದು ವರ್ಷದ ಅವಧಿ ಎಂದು ಓದಿ ಹೇಳಿದೆ. ಅಪ್ಪ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ಇಟ್ಟುಕೊಂಡು, “ವರ್ಷದ ಮಟ ಏನೂ ಆಗಂಗಿಲ್ಲಂತ ಬರೆದು ಕೊಟ್ಟಾರಲ್ಲ, ನಡಿ, ಆ ಮೂರನೇ ದೋಸೆ ಹೇಳು,” ಎಂದರು.