ಸೌಂಡು ಬತ್ತದೆ, ಬೊಂಬೆ ಬತ್ತಿಲ್ಲ

"ಸೌಂಡು ಬತ್ತದೆ ಕಣಪ್ಪ, ಬೊಂಬೆನೇ ಬತ್ತಿಲ್ಲ." ಮಂಡ್ಯದಿಂದ ಚಿಕ್ಕಮ್ಮನ ಫೋನು. ದಸರಾ ಆಫರ್‌ನಲ್ಲಿ ತಂದ 55 ಇಂಚಿನ ಟಿವಿಗೆ ಇನ್ನೂ ಎರಡೂವರೆ ವರ್ಷ. ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ನೋಡಿ ಅಂದೆ. ಧಾರಾವಾಹಿಯ ಅತ್ತೆ ಮಸುಕು ಮಸುಕಾಗಿ ಕಂಡಳಂತೆ. ಅಂದರೆ ಚಿತ್ರ ಮೂಡಿಸುವ ಪ್ಯಾನೆಲ್ ಚೆನ್ನಾಗಿದೆ, ಅದಕ್ಕೆ ಹಿಂದಿನಿಂದ ಬೆಳಕು ಕೊಡುವ ಬ್ಯಾಕ್‌ಲೈಟ್ ಹೋಗಿದೆ.

ಜರ್ಮನಿಯಲ್ಲಿ ಕೂತು ಇಂಥದ್ದು ಕೇಳಿದರೆ ಮೈ ಉರಿಯುತ್ತದೆ. ಮೈಸೂರಿನ ದೇವರಾಜ ಅರಸು ರಸ್ತೆಯ ಶೋರೂಮಿಗೆ ಹೋದರೆ ನಮ್ಮವರ ಪ್ರಶ್ನೆ ಎರಡೇ: ಎಷ್ಟು ಇಂಚು, ಲಾಸ್ಟ್ ಎಷ್ಟಕ್ಕೆ ಕೊಡ್ತೀರಾ. ಇಲ್ಲಿ ಟಿವಿಯ ಮೇಲೆ ಎ ಇಂದ ಜಿ ವರೆಗಿನ ವಿದ್ಯುತ್ ಲೇಬಲ್ ಅಂಟಿಸಿರುತ್ತಾರೆ, 1000 ಗಂಟೆ ಓಡಿದರೆ ಎಷ್ಟು ಯೂನಿಟ್ ಎಂದು ಅದರಲ್ಲೇ ಇರುತ್ತದೆ. ಮೂಲೆಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ ಎಂಬುದೂ ತೆರೆದುಕೊಳ್ಳುತ್ತದೆ. 2021ರ ಮಾರ್ಚ್‌ನಿಂದ ಐರೋಪ್ಯ ಒಕ್ಕೂಟದಲ್ಲಿ ಇದು ನಿಯಮ: ಆ ಮಾಡೆಲ್‌ನ ಕೊನೆಯ ಟಿವಿ ಮಾರುಕಟ್ಟೆಗೆ ಬಂದ ಮೇಲೂ 7 ವರ್ಷ ಬಿಡಿಭಾಗ, 8 ವರ್ಷ ಸಾಫ್ಟ್‌ವೇರ್. ಮಾರಿದವನ ಹೊಣೆ 2 ವರ್ಷ. ನಮ್ಮಲ್ಲಿ ಸಾಮಾನ್ಯವಾಗಿ ವಾರಂಟಿ 1 ವರ್ಷ, ಅದರ ಕಾರ್ಡೂ ಡಬ್ಬದ ಜೊತೆ ಅಟ್ಟ ಸೇರಿರುತ್ತದೆ.

ನಮ್ಮ ಮನೆಗಳಲ್ಲಿ ಟಿವಿಗೆ ಬಿಡುವೆಲ್ಲಿ? ಬೆಳಗಿನ ಭವಿಷ್ಯದಿಂದ ರಾತ್ರಿಯ ಧಾರಾವಾಹಿವರೆಗೆ ದಿನಕ್ಕೆ 10 ಗಂಟೆ ಎಂದಿಟ್ಟುಕೊಂಡರೂ ವರ್ಷಕ್ಕೆ 3650 ಗಂಟೆ. ಬ್ಯಾಕ್‌ಲೈಟ್‌ನ ಎಲ್‌ಇಡಿಗೆ ಕಾಗದದ ಮೇಲೆ 30,000 ಗಂಟೆ ಆಯುಸ್ಸು ಬರೆದಿದ್ದರೂ ಅದು ಹದವಾದ ಬಿಸಿಯಲ್ಲಿ ಉರಿದರೆ ಮಾತ್ರ. ಅಂಗಡಿಯಲ್ಲಿ ಕಣ್ಣು ಕುಕ್ಕಲೆಂದು ಹಾಕಿದ 'ವಿವಿಡ್' ಮೋಡನ್ನೇ ಮನೆಯಲ್ಲೂ ಬಿಟ್ಟರೆ ಬ್ಯಾಕ್‌ಲೈಟ್ ಹೆಚ್ಚುಕಮ್ಮಿ ನೂರಕ್ಕೆ ನೂರು ಉರಿಯುತ್ತದೆ. ಮೇಲಿಂದ ಟಿವಿಯನ್ನು ಶೋಕೇಸಿನ ಗೂಡಿಗೆ ತುರುಕುತ್ತೇವೆ, ಬಿಸಿಗಾಳಿ ಎಲ್ಲಿಗೆ ಹೋಗಬೇಕು? ಸುತ್ತ 4 ಇಂಚಾದರೂ ಜಾಗ ಬೇಕು.

ಬಿಸಿಯಿಂದ ಎಷ್ಟೋ ಸಲ ಮೊದಲು ಬಿಡುವುದು ಎಲ್‌ಇಡಿ ಮೇಲಿನ ಲೆನ್ಸಿನ ಅಂಟು. ಪರದೆಯಲ್ಲಿ ಬಿಳಿ ಬಿಳಿ ಉಂಡೆ ಕಂಡರೆ ಅದೇ ಕಾರಣ. ಆಮೇಲೆ ಒಂದು ಎಲ್‌ಇಡಿ ಸುಡುತ್ತದೆ. ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟಿನ ಹಾಗೆ ಇವೂ ಒಂದರ ಹಿಂದೆ ಒಂದು ಜೋಡಿಸಿದವು. ಒಂದು ಹೋದರೆ ಸಾಲೇ ಕತ್ತಲೆ, ಅದನ್ನು ಕಂಡ ಡ್ರೈವರ್, ಅಂದರೆ ಎಲ್‌ಇಡಿಗಳಿಗೆ ಕರೆಂಟು ಕೊಡುವ ಸರ್ಕ್ಯೂಟು, ಉಳಿದ ಸಾಲುಗಳನ್ನೂ ಆರಿಸಿಬಿಡುತ್ತದೆ. ಆದ್ದರಿಂದ ಟಿವಿ ಮನೆಗೆ ಬಂದ ದಿನವೇ ಪಿಕ್ಚರ್ ಮೋಡನ್ನು ಸ್ಟ್ಯಾಂಡರ್ಡ್ ಅಥವಾ ಸಿನಿಮಾಕ್ಕೆ ತಂದು, ಬ್ಯಾಕ್‌ಲೈಟನ್ನು 50-60ಕ್ಕೆ ಇಳಿಸಿ. 'ಬ್ರೈಟ್‌ನೆಸ್' ಎಂಬುದು ಬಹಳ ಟಿವಿಗಳಲ್ಲಿ ಬೇರೆಯದೇ, ಅದನ್ನು ಮುಟ್ಟಿದರೆ ಕಪ್ಪು ಕೆಡುತ್ತದೆ ಅಷ್ಟೆ.

ಹಾಲ್‌ನಲ್ಲಿ ಅಜ್ಜಿ ದಿವಾನದ ಮೇಲೆ ಅಡ್ಡಲಾಗಿ, ಮಕ್ಕಳು ಚಾಪೆಯ ಮೇಲೆ ಎಂದಾದರೆ ಪಕ್ಕದಿಂದಲೂ ಬಣ್ಣ ಅಷ್ಟಾಗಿ ಮಾಸದ ಐಪಿಎಸ್ ಪ್ಯಾನೆಲ್ ಕೇಳಿ. ವಿಎ ಪ್ಯಾನೆಲ್‌ನ ಕಪ್ಪು ಚೆಂದ, ಆದರೆ ಪಕ್ಕದಿಂದ ನೋಡಿದರೆ ಬಣ್ಣ ಸಪ್ಪೆ. ಬ್ಯಾಕ್‌ಲೈಟ್ ಇಲ್ಲದೆ ಪ್ರತಿ ಚುಕ್ಕೆಯೂ ತಾನೇ ಬೆಳಗುವ ಓಎಲ್‌ಇಡಿಯ ಆಸೆ ಬಿಡಿ: ದಿನವಿಡೀ ನ್ಯೂಸ್ ಚಾನೆಲ್ ಓಡುವ ಮನೆಯಲ್ಲಿ ಅದರ ಲೋಗೋ, ಕೆಳಗಿನ ಕೆಂಪು ಪಟ್ಟಿ ಪರದೆಗೆ ಅಚ್ಚೊತ್ತಿಕೊಳ್ಳಬಹುದು.

ಸ್ಟೆಬಿಲೈಸರ್ ಎಂದು ಅಂಗಡಿಯವರು ಒತ್ತಾಯ ಮಾಡುತ್ತಾರೆ. ಈಗಿನ ಟಿವಿಗಳ ಪವರ್ ಬೋರ್ಡ್ ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೆ ತಡೆಯುತ್ತದೆ, ಹಿಂದೆ ಅಂಟಿಸಿದ ಚೀಟಿ ಓದಿ. ಹೆದರಬೇಕಾದ್ದು ಏಪ್ರಿಲ್-ಮೇ ಸಿಡಿಲಿಗೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೂ ಕೀಳಬೇಕು, ಡಿಶ್ ಕೇಬಲ್ಲೂ ಬಿಚ್ಚಬೇಕು. ಅರ್ಥಿಂಗ್ ಇಲ್ಲದ ಮನೆಯಲ್ಲಿ ಸ್ಪೈಕ್ ಗಾರ್ಡ್ ಅರೆಬರೆ ರಕ್ಷಣೆ. ಇನ್ನು ಹಬ್ಬದ ಧೂಳು ಹೊಡೆಯುವಾಗ ಪರದೆಗೆ ನೀರು ಚಿಮುಕಿಸಿ ಒರೆಸುವ ಚಾಳಿ. ಇಳಿದ ನೀರು ಕೆಳಅಂಚಿನ ರಿಬ್ಬನ್ ಕೇಬಲ್‌ಗಳಿಗೆ ಸೇರಿದರೆ ಪರದೆ ತುಂಬ ಗೆರೆ. ಅದಕ್ಕೆ ಬಹುತೇಕ ಮದ್ದಿಲ್ಲ.

ಇಷ್ಟೆಲ್ಲ ಬೈದ ಮೇಲೆ ಒಂದು ಮಾತು ಒಪ್ಪಲೇಬೇಕು. ಐರೋಪ್ಯ ನಿಯಮದ ಬಿಡಿಭಾಗಗಳ ಪಟ್ಟಿಯಲ್ಲಿ ಪವರ್ ಸಪ್ಲೈ ಇದೆ, ದೊಡ್ಡ ಕೆಪಾಸಿಟರ್ ಇದೆ, ಕನೆಕ್ಟರ್ ಇದೆ. ಬ್ಯಾಕ್‌ಲೈಟ್‌ನ ಎಲ್‌ಇಡಿ ಸಾಲು ಅದರಲ್ಲಿಲ್ಲ, ಪ್ಯಾನೆಲ್ಲೂ ಇಲ್ಲ. ಇಲ್ಲಿ ಚಿಕ್ಕಮ್ಮನ ಟಿವಿಯ ಗತಿಯಾದರೆ ಕೂಲಿಯ ಲೆಕ್ಕ ಕೇಳಿಯೇ ಜನ ಅದನ್ನು ಮರುಬಳಕೆ ಅಂಗಳಕ್ಕೆ ಸಾಗಿಸುತ್ತಾರೆ. ಮಂಡ್ಯದಲ್ಲಿ ರಿಪೇರಿಯವನು ಮನೆಗೇ ಬಂದ. ಮಂಚದ ಮೇಲೆ ಬೆಡ್‌ಶೀಟ್ ಹಾಸಿ, ಹಪ್ಪಳದಷ್ಟು ತೆಳ್ಳಗಿನ ಪ್ಯಾನೆಲನ್ನು ಇಬ್ಬರು ಸೇರಿ ಎತ್ತಿ ಪಕ್ಕಕ್ಕಿಟ್ಟರಂತೆ. ಸುಟ್ಟ ಎಲ್‌ಇಡಿಯೊಂದನ್ನೇ ಬದಲಿಸಿದರೆ ಉಳಿದವು ಸರದಿಯಲ್ಲಿ ಹೋಗುತ್ತವೆ ಎಂದು ಎಲ್‌ಇಡಿ ಸಾಲುಗಳ ಪೂರಾ ಸೆಟ್ ಹೊಸದು ಹಾಕಿದ, ಅವಕ್ಕೆ ಹೋಗುವ ಕರೆಂಟೂ ಒಂದಿಷ್ಟು ತಗ್ಗಿಸಿದ. ಸಂಜೆಯ ಧಾರಾವಾಹಿ ತಪ್ಪಲಿಲ್ಲ.

"ಯಾಕೋ ಮಂಕಾಗದೆ ಕಣಪ್ಪ" ಎಂದು ಚಿಕ್ಕಮ್ಮ ಮಾರನೇ ದಿನವೇ ವಿವಿಡ್ ಮೋಡ್ ಹಾಕಿಸಿಕೊಂಡಿದ್ದಾರೆ.